ಅಮ್ಮನ ಸೊಂಟದಲ್ಲಿ ಬಿಡಾರ ಹೂಡಿರುವ ಬ್ರೂಸೆಲ್ಲಾ ಮಹಾಶಯರಿಗೆ

ಇವರಿಂದ:
ರೇಣುಕಯ್ಯ, ಶಾಖಾ ಅಂಚೆಪಾಲಕ, ಕರೇಕಲ್ಲಹಟ್ಟಿ, ಬರಗೂರು ಮಾರ್ಗ, ಸಿರಾ ತಾಲ್ಲೂಕು.

ಇವರಿಗೆ:
ಶ್ರೀ ಬ್ರೂಸೆಲ್ಲಾ (ರೋಗಾಣು) ಮತ್ತು ಅಪಾರ ಕುಟುಂಬದವರು, ಎಡಸೊಂಟದ ಕೀಲು, ಒಳಗಿನ ಕೋಣೆ, ಕೇರಾಫ್ ಕೆಂಚಮ್ಮ, ಅದೇ ಊರು.

ವಿಷಯ: ನಮ್ಮ ಅಮ್ಮನ ದೇಹವನ್ನು ತೆರವು ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಪಾದಗಳೇ ಇಲ್ಲದ ತಮ್ಮ ಪಾದಗಳಿಗೆ ಮೊದಲು ನಮಸ್ಕಾರ. ತಮಗೆ ಕಾಲಾಗಲಿ ಬಾಲವಾಗಲಿ ಇಲ್ಲ, ಆದರೂ ತಾವು ಹೋಗದ ಜಾಗವಿಲ್ಲ ಎಂದು ಬಲ್ಲವರು ಹೇಳಿದ್ದರಿಂದ, ನಮಸ್ಕಾರವನ್ನು ಎಲ್ಲಿಗೆ ತಲುಪಿಸಬೇಕೆಂದು ತಿಳಿಯದೆ ಹೀಗೆ ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ. ತಾವೂ, ತಮ್ಮ ಮಕ್ಕಳೂ, ಮೊಮ್ಮಕ್ಕಳೂ, ಇವತ್ತು ಸಂಜೆಯೊಳಗೆ ಹುಟ್ಟಲಿರುವ ಮರಿಮಕ್ಕಳೂ ಕ್ಷೇಮವಾಗಿರುವಿರೆಂದು ಭಾವಿಸುತ್ತೇನೆ. ಭಾವಿಸುತ್ತೇನೆ ಅಷ್ಟೇ, ಹಾರೈಸುತ್ತಿಲ್ಲ. ಇಲ್ಲಿ ನಾವು ಅಷ್ಟೇನೂ ಕ್ಷೇಮವಾಗಿಲ್ಲ, ಅದಕ್ಕೆ ಯಾರು ಕಾರಣ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯ ಮುಂದಿನ ಕೋಣೆಯೇ ಈ ಊರಿನ ಅಂಚೆ ಕಚೇರಿ. ಬರಗೂರಿನ ಕಡೆಯಿಂದ ಬಸ್ಸಿನಲ್ಲಿ ಬರುವ ಚೀಲವನ್ನು ಬಿಚ್ಚಿ, ಮುದ್ರೆ ಒತ್ತಿ, ಸಹಿ ಹಾಕಿಸಿಕೊಂಡು ಕಾಗದ ಕೊಡುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಊರಿನವರಿಗೆ ಅರ್ಜಿ ಬರೆದುಕೊಡುತ್ತೇನೆ. ಸುಟ್ಟುಹೋದ ಟ್ರಾನ್ಸ್‌ಫಾರ್ಮರು, ಕೈ ತೋರಿಸಿದರೂ ನಿಲ್ಲದ ಬಸ್ಸು, ಪಹಣಿಯಲ್ಲಿ ಹೆಂಗಸಾಗಿ ಬದಲಾದ ಯಾರದೋ ಅಜ್ಜ, ಎಲ್ಲದಕ್ಕೂ ನಾನು 'ಮಾನ್ಯರೇ' ಎಂದೇ ಶುರು ಮಾಡಿದ್ದೇನೆ, ಯಾರಿಗೂ ಒಂದು ಗಡಸು ಮಾತು ಬರೆದವನಲ್ಲ. ಆ ಅರ್ಜಿಗಳಿಂದ ಎಷ್ಟು ಕೆಲಸ ಆಯಿತೆಂದು ದಯವಿಟ್ಟು ಕೇಳಬೇಡಿ. ಕಾಗದ ಬಹಳ ಚೆನ್ನಾಗಿತ್ತು ಎಂದು ಮಾತ್ರ ಎಲ್ಲ ಅಧಿಕಾರಿಗಳೂ ಹೇಳಿದ್ದಾರೆ.

ಇನ್ನು ತಾವು ಯಾರೊಳಗೆ ವಾಸವಾಗಿದ್ದೀರೋ ಆ ನಮ್ಮ ಅಮ್ಮನ ವಿಷಯ. ಅವಳ ಒಳಗಿನ ವಿವರಗಳೆಲ್ಲ ತಮಗೆ ಗೊತ್ತು. ಹೊರಗಿನದು ಗೊತ್ತಿರಲಾರದು. ಹೆಸರು ಕೆಂಚಮ್ಮ, ವಯಸ್ಸು ಅರವತ್ತೆಂಟೋ ಎಪ್ಪತ್ತೋ, ಆಧಾರ್ ಕಾರ್ಡಿನ ಪ್ರಕಾರ ಜನವರಿ ಒಂದನೇ ತಾರೀಖು ಹುಟ್ಟಿದವಳು. ಯಾರ ರೊಪ್ಪದಲ್ಲಾದರೂ ಕುರಿ ಈಯಲು ಕಷ್ಟಪಟ್ಟರೆ ಸುತ್ತ ಹತ್ತು ಹಳ್ಳಿಯವರು ಮೊದಲು ಕೂಗುವುದು ಅವಳನ್ನೇ. ಒಮ್ಮೆ ಪಾವಗಡದ ಆಚೆಯಿಂದ ಒಬ್ಬಾತ ಬೈಕಿನಲ್ಲಿ ಬಂದು, "ಅಮ್ಮಾ, ಒಕ್ಕಸಾರಿ ಬಂದು ನೋಡಮ್ಮಾ, ಗೊರ್ರೆ ಭಾಳ ಕಷ್ಟಪಡ್ತಾ ಐತೆ" ಎಂದು ಅರ್ಧ ತೆಲುಗಿನಲ್ಲಿ ಗೋಗರೆದಾಗ, ಕುರಿಯ ನೋವಿಗೆ ಭಾಷೆ ಯಾವುದಾದರೇನು ಎಂದು ಅವನ ಹಿಂದೆ ಕುಳಿತು ಹೋಗಿಯೇಬಿಟ್ಟಳು. ಮಾರನೆಯ ದಿನ ಎರಡು ಮರಿ ಉಳಿಸಿ, ಒಂದು ಸೀಬೆಹಣ್ಣಿನ ಚೀಲ ಹೊತ್ತು ಬಸ್ಸಿನಲ್ಲಿ ವಾಪಸು ಬಂದಳು.

ಹುಟ್ಟಿದ ಮರಿ ಉಸಿರಾಡದೆ ನೆಲಕ್ಕೆ ಬಿದ್ದರೆ ಅಮ್ಮ ಅದರ ಮೂತಿಯ ಲೋಳೆಯನ್ನು ಬೆರಳಿನಿಂದ ತೆಗೆದು, ತನ್ನ ಬಾಯನ್ನು ಅದರ ಮೂಗಿಗೆ ಇಟ್ಟು ಊದುತ್ತಾಳೆ. ಸಣ್ಣಗೆ, ಒಲೆ ಊದಿದ ಹಾಗಲ್ಲ, ಬಿಸಿ ಹಾಲು ಆರಿಸಿದ ಹಾಗೆ. ಇದನ್ನು ಅವಳಿಗೆ ಕಲಿಸಿದ್ದು ಅವಳ ಅತ್ತೆ, ಅಂದರೆ ನಮ್ಮಜ್ಜಿ. ಅಜ್ಜಿಗೆ ಕಲಿಸಿದವರು ಯಾರೋ ಗೊತ್ತಿಲ್ಲ. ಐವತ್ತು ವರ್ಷಗಳಲ್ಲಿ ಅಮ್ಮನ ಉಸಿರಿನಿಂದ ಎದ್ದು ನಿಂತ ಮರಿಗಳನ್ನು ಸಾಲಾಗಿ ನಿಲ್ಲಿಸಿದರೆ ನಮ್ಮ ಊರಿನಿಂದ ಬರಗೂರು ಮುಟ್ಟುತ್ತದೆ ಎಂದು ಊರಿನವರು ಹೇಳುತ್ತಾರೆ. ಊರಿನವರು ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ, ಆದರೂ ಅರ್ಧ ದಾರಿಯಂತೂ ಮುಟ್ಟೀತು.

ಮಹಾಶಯರೇ, ತಾವು ಒಳಗೆ ಬಂದದ್ದು ಆ ಉಸಿರಿನ ದಾರಿಯಲ್ಲಿ. ನನಗೆ ತಮ್ಮ ಮೇಲಿರುವ ಸಿಟ್ಟಿನ ಮುಕ್ಕಾಲು ಪಾಲು ಇದೇ ಕಾರಣಕ್ಕೆ. ಕಳೆದ ಕಾರ್ತಿಕದಲ್ಲಿ ನಮ್ಮದೇ ಕುರಿ, ಹಣೆಯಲ್ಲಿ ಬಿಳಿ ಬೊಟ್ಟಿರುವ ಚುಕ್ಕಿ, ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಎರಡು ಮರಿ, ಎರಡೂ ಸತ್ತೇ ಬಿದ್ದಿದ್ದವು. ಸತ್ತಿವೆ ಎಂದು ಅಮ್ಮನಿಗೆ ಗೊತ್ತಿತ್ತು, ಆದರೂ ಎರಡಕ್ಕೂ ಊದಿದಳು. ಆಮೇಲೆ ಬರಿಗೈಯಲ್ಲೇ ಮಾಸನ್ನು ಎಳೆದು ತೆಗೆದು, ಹುಲ್ಲಿನಲ್ಲಿ ಸುತ್ತಿ, ಹಾಲು ಹೆಚ್ಚಲೆಂದು ಬಸ್ ನಿಲ್ದಾಣದ ಪಕ್ಕದ ಆಲದ ಮರಕ್ಕೆ ಕಟ್ಟಿಸಿದಳು. ಅದರ ಕೆಳಗೆ ನಿಂತೇ ನಾನು ದಿನವೂ ಅಂಚೆ ಚೀಲ ಇಳಿಸಿಕೊಳ್ಳುತ್ತಿದ್ದೆ. ಆ ಮಾಸಿನ ತುಂಬ ತಾವು ಕೋಟಿಗಟ್ಟಲೆ ಇದ್ದಿರಂತೆ, ಒಬ್ಬ ಮನುಷ್ಯನನ್ನು ಮಲಗಿಸಲು ತಮ್ಮವರಲ್ಲಿ ಹತ್ತೋ ನೂರೋ ಸಾಕಂತೆ. ಇಷ್ಟು ಕಡಿಮೆ ಸಿಬ್ಬಂದಿಯಲ್ಲಿ ಇಷ್ಟು ದೊಡ್ಡ ಕೆಲಸ ನಡೆಸುವ ಬೇರೆ ಯಾವ ಇಲಾಖೆಯನ್ನೂ ನಾನು ಕಂಡಿಲ್ಲ, ಅದಕ್ಕಾಗಿ ಅಭಿನಂದನೆಗಳು.

ತಮ್ಮ ಕಾರ್ಯವೈಖರಿಯನ್ನು ನನಗೆ ವಿವರಿಸಿದವಳು ನನ್ನ ತಂಗಿಯ ಮಗಳು ಲೋಹಿತಾ. ಕೊರಟಗೆರೆಯ ಹತ್ತಿರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಾಳೆ. ಒಂದು ಭಾನುವಾರ ಜಗಲಿಯ ಮೇಲೆ ಕುಳಿತು, ಅಂಚೆ ಕಚೇರಿಯ ಒಂದು ಫಾರಂ ತಿರುಗಿಸಿ ಅದರ ಹಿಂದೆ ತಮ್ಮ ಚಿತ್ರ ಬರೆದು ತೋರಿಸಿದಳು. ಇಷ್ಟೊಂದು ತೊಂದರೆ ಕೊಡುವವರು ನೋಡಲು ಒಂದು ರಾಗಿ ಕಾಳಿನಷ್ಟಾದರೂ ಠೀವಿಯಿಂದ ಇರಬೇಡವೇ ಎಂದು ನನಗೆ ಬೇಸರವಾಯಿತು.

ಅವಳು ಹೇಳಿದ್ದು ಇದು. ನಮ್ಮ ರಕ್ತದಲ್ಲಿ ಕಾವಲಿಗೆಂದೇ ಇರುವ ಕೆಲವು ಬಿಳಿ ಕಣಗಳಿವೆ, ಹೊರಗಿನವರು ಬಂದರೆ ಹಿಡಿದು ನುಂಗಿಬಿಡುವುದು ಅವುಗಳ ಕೆಲಸ. ಬೇರೆ ರೋಗಾಣುಗಳು ಬಂದರೆ ಅವುಗಳ ಮೈಮೇಲಿನ ಹೊದಿಕೆಯ ವಾಸನೆ ಹಿಡಿದೇ ದೇಹ ಬೊಬ್ಬೆ ಹಾಕುತ್ತದೆ. ತಮ್ಮ ಹೊದಿಕೆ ಮಾತ್ರ ಎಷ್ಟು ಮೃದು, ಎಷ್ಟು ಸಭ್ಯ ಎಂದರೆ ಕಾವಲಿನವರಿಗೆ ಅನುಮಾನವೇ ಬರುವುದಿಲ್ಲ. ಅಷ್ಟಿಷ್ಟು ಅನುಮಾನ ಬಂದು ಒಂದು ಕಣ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಹೊರಟರೆ, ಆ ಸುದ್ದಿ ಒಯ್ಯುವ ಪ್ರೋಟೀನನ್ನೇ ತಾವು ದಾರಿಯಲ್ಲಿ ಮುಗಿಸಿಬಿಡುತ್ತೀರಂತೆ. ಒಬ್ಬ ಅಂಚೆಪಾಲಕನ ಮುಂದೆ ಇದನ್ನು ಹೇಳಬಾರದಿತ್ತು. ನಾನು ಎದ್ದು ಹೋಗಿ ಅಂಚೆ ಚೀಲದ ಗಂಟನ್ನು ಎರಡು ಸಲ ನೋಡಿ ಬಂದೆ.

ಹೀಗೆ ನುಂಗಿದ ಮೇಲೆ ಕಣವು ತಮ್ಮನ್ನು ಒಂದು ಚೀಲದೊಳಗೆ ಹಾಕಿ, ಅದರೊಳಗೆ ಆಮ್ಲ ಸುರಿಯುತ್ತದಂತೆ. ತಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ಅಲ್ಲಿಯೇ ತೀರಿಕೊಳ್ಳುತ್ತೀರಿ ಎಂದು ಕೇಳಿ, ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ಆದರೆ ಉಳಿದ ಆ ಒಬ್ಬರಿಗೆ ಆಮ್ಲ ತಾಗಿದ್ದೇ ಕೆಲಸಕ್ಕೆ ಗಂಟೆ ಹೊಡೆದ ಹಾಗೆ. ಹತ್ತು ಹನ್ನೆರಡು ಬಗೆಯ ಪ್ರೋಟೀನುಗಳನ್ನು ಜೋಡಿಸಿ ಒಂದು ಸಣ್ಣ ಕೊಳವೆ ಕಟ್ಟಿಕೊಂಡು, ಅದರ ಮೂಲಕ ತಮ್ಮ ಪ್ರೋಟೀನುಗಳನ್ನು ಚೀಲದ ಗೋಡೆಯ ಆಚೆಗೆ, ಜೀವಕೋಶದ ಒಳಮನೆಗೇ ತೂರಿಸಿಬಿಡುತ್ತೀರಿ. ಇಂಜೆಕ್ಷನ್ ಎಂದರೆ ಡಾಕ್ಟರು ನಮಗೆ ಕೊಡುವುದು ಎಂದುಕೊಂಡಿದ್ದೆ. ತಾವು ಡಾಕ್ಟರಿಗಿಂತ ಮೊದಲೇ ಕೊಟ್ಟು ಮುಗಿಸಿರುತ್ತೀರಿ ಎಂಬುದು ನನಗೆ ಹೊಸ ವಿಷಯ.

ಮಾನ್ಯರೇ, ಇದು ಅಂಚೆಯಲ್ಲದೆ ಮತ್ತೇನು? ಅದೂ ಮುದ್ರೆಯಿಲ್ಲದ, ಸಹಿಯಿಲ್ಲದ, ಯಾವ ಚೀಲದಲ್ಲೂ ದಾಖಲಾಗದ ಅಂಚೆ. ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋದ ಈ ಕಾಲದಲ್ಲೂ ನಾನು ಒಂದು ಲಕೋಟೆ ಕೊಡಬೇಕಾದರೆ ಹೆಸರು ಕೇಳುತ್ತೇನೆ, ಮುಖ ನೋಡುತ್ತೇನೆ, ಸಹಿ ಬರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ. ತಾವು ತೂರಿಸಿದ ಪತ್ರಗಳನ್ನು ಜೀವಕೋಶವು ಮೇಲಿನ ಕಚೇರಿಯಿಂದ ಬಂದ ಆದೇಶವೆಂದು ತಿಳಿದು ಶಿರಸಾವಹಿಸಿ ಪಾಲಿಸುತ್ತದಂತೆ! ತನ್ನ ಸ್ವಂತ ಉಪಯೋಗಕ್ಕೆ ಹೊರಟಿದ್ದ ಸಾಮಾನುಗಳನ್ನು ತಮ್ಮ ಚೀಲದ ಕಡೆಗೆ ತಿರುಗಿಸಿ, ತನ್ನದೇ ಬಟ್ಟೆಯನ್ನು ತಮಗೆ ಹೊದಿಸಿ, ಊಟ ಹಾಕಿ, ಸಂಸಾರ ಬೆಳೆಸಲು ಅನುಕೂಲ ಮಾಡಿಕೊಡುತ್ತದಂತೆ. ಕೆಟ್ಟುಹೋದ ಕಣವು ಮರ್ಯಾದೆಯಿಂದ ತಾನೇ ಸತ್ತುಹೋಗುವ ಒಂದು ಏರ್ಪಾಡು ದೇಹದಲ್ಲಿದೆಯಂತೆ, ಅದನ್ನೂ ತಾವು ತಡೆದುಬಿಡುತ್ತೀರಿ. ಹಿಡಿಯಲು ಬಂದ ಕಾವಲುಗಾರನ ಮನೆಯಲ್ಲೇ ಅಳಿಯನ ಹಾಗೆ ಕುಳಿತಿದ್ದೀರಿ. ಅಳಿಯನಾದರೂ ಹಬ್ಬ ಮುಗಿದ ಮೇಲೆ ಹೊರಡುತ್ತಾನೆ.

ಇಷ್ಟಾದರೂ ಹೊರಗೆ ನಮಗೆ ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಬರೆದದ್ದು ಪೂರ್ತಿ ಸರಿಯಲ್ಲ. ಅಮ್ಮನಿಗೆ ತಿಳಿದಿತ್ತು. "ಹೊತ್ತಿಳಿಯೋ ಹೊತ್ಗೆ ಮೈಯೆಲ್ಲ ಕಾದ ಹೆಂಚಾಯ್ತದೆ ಕಣ್ಲಾ, ಬೆಳಿಗ್ಗೆ ಎದ್ರೆ ಏನೂ ಇರಾಕಿಲ್ಲ. ಸೊಂಟ ಅಂತೂ ಮುರ್ದು ಇಟ್ಟಂಗೈತೆ" ಎಂದು ಅವಳು ಪುಷ್ಯದಲ್ಲೇ ಹೇಳಿದ್ದಳು. ನಾನು ಅವಳನ್ನು ಬೆಳಿಗ್ಗೆ ಹತ್ತು ಗಂಟೆಗೆ ಸಿರಾಕ್ಕೆ ಕರೆದುಕೊಂಡು ಹೋದೆ, ಯಾಕೆಂದರೆ ಆಸ್ಪತ್ರೆಗಳು ತೆರೆಯುವುದು ಬೆಳಿಗ್ಗೆ. ಥರ್ಮಾಮೀಟರಿಗೆ ಜ್ವರ ಸಿಗಲಿಲ್ಲ. ಎರಡು ಸಲ ಟೈಫಾಯಿಡ್ ಇರಬಹುದೆಂದು ನಾನೇ ಮುಂದಾಗಿ ಹೇಳಿ, ಎರಡು ಸಲ ಐದೈದು ದಿನದ ಮಾತ್ರೆ ತಂದೆ. ಪ್ರತಿ ಸಲವೂ ತಾವು ಒಂದು ವಾರ ಮೌನವಾಗಿದ್ದು ಆಮೇಲೆ ಮತ್ತೆ ಸಂಜೆಯ ಹಾಜರಿ ಶುರುಮಾಡಿದಿರಿ.

ಕುರಿಗಳು ಮೇದು ಬಂದು ರೊಪ್ಪಕ್ಕೆ ಸೇರುವ ಹೊತ್ತಿಗೆ ಸರಿಯಾಗಿ ಅಮ್ಮ ಕಂಬಳಿ ಹೊದ್ದು ಮಲಗುವುದನ್ನು ನೋಡಿ ನೋಡಿ, ಒಂದು ದಿನ ನಾನು, "ನಿನ್ನ ಜ್ವರ ಗಡಿಯಾರ ಕಟ್ಕೊಂಡೈತೇನಮ್ಮ, ಕೆಲಸದ ಹೊತ್ತಿಗೇ ಬತ್ತದೆ" ಎಂದುಬಿಟ್ಟೆ. ಅಂಚೆಗೆ ಬಂದಿದ್ದ ನಾಲ್ಕು ಜನರೂ ನಕ್ಕರು. ಅಮ್ಮ ಎದ್ದು ಹೋಗಿ ಮರಿಗಳಿಗೆ ಸೊಪ್ಪು ಕಟ್ಟಿದಳು. ಆ ಹೊತ್ತು ಅವಳ ಜ್ವರ ನೂರಾಮೂರು ಇದ್ದಿರಬೇಕು ಎಂದು ಈಗ ಲೆಕ್ಕ ಹಾಕುತ್ತೇನೆ. ತಮ್ಮ ಸಮಯಪಾಲನೆಯನ್ನು ನಾನು ಅಮ್ಮನ ಸೋಮಾರಿತನ ಎಂದುಕೊಂಡೆ. ಇದು ತಮ್ಮ ತಪ್ಪಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಕೊನೆಗೆ ತಮ್ಮ ವಿಳಾಸ ಪತ್ತೆ ಮಾಡಿದವರು ಮಧುಗಿರಿಯ ಒಬ್ಬ ವೈದ್ಯೆ. ಅವರು ನಾಡಿ ಹಿಡಿಯುವ ಮೊದಲೇ, "ಏನ್ ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. ಐದು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ, ನಾನೂ ಕೇಳಿರಲಿಲ್ಲ. ಅಮ್ಮ ಚುಕ್ಕಿಯ ಕಥೆ ಹೇಳಿದಳು. ರಕ್ತ ಪರೀಕ್ಷೆಯಾಗಿ ತಮ್ಮ ಹೆಸರು ಹೊರಗೆ ಬಂತು. "ಕುರಿಗೆ ಬಂದಿದ್ದೇ ನಿಮಗೂ ಬಂದಿರೋದು. ಒಂದೇ ಕಾಯಿಲೆ. ಆರು ವಾರ, ನಲವತ್ತೆರಡು ದಿನ, ಒಂದು ದಿನವೂ ತಪ್ಪಿಸಬಾರದು" ಎಂದು ಎರಡು ಬಗೆಯ ಮಾತ್ರೆ ಬರೆದುಕೊಟ್ಟರು. ಅಮ್ಮ ಹೊರಗೆ ಹೋದ ಮೇಲೆ ನನ್ನನ್ನು ಕರೆದು, ಕೆಂಪು ಮಾತ್ರೆಯಿಂದ ಮೂತ್ರ ಕೆಂಪಗಾಗುತ್ತದೆ, ಅದಕ್ಕೆ ಹೆದರಬೇಡಿ ಎಂದು ತಾಯಿಗೆ ತಿಳಿಸಿ ಎಂದರು. ತಿಳಿಸುತ್ತೇನೆ ಎಂದೆ.

ತಿಳಿಸಲಿಲ್ಲ. ಮಹಾಶಯರೇ, ತಾವು ಯಾವ ನಾಚಿಕೆಯೂ ಇಲ್ಲದೆ ಯಾರ ಒಳಗೆ ಬೇಕಾದರೂ ಹೋಗುವವರು, ಆದ್ದರಿಂದ ತಮಗೆ ಇದು ಅರ್ಥವಾಗಲಾರದು. ನಮ್ಮ ಕಡೆ ಐವತ್ತು ವರ್ಷದ ಮಗನೊಬ್ಬ ಹೆತ್ತ ತಾಯಿಯ ಮುಂದೆ ನಿಂತು ಅಂಥ ಮಾತನ್ನು ಆಡುವುದಿಲ್ಲ. ಬಸ್ಸಿನಲ್ಲಿ ಹೇಳೋಣ ಎಂದುಕೊಂಡೆ, ಪಕ್ಕದಲ್ಲಿ ಜನ ಇದ್ದರು. ಮನೆಯಲ್ಲಿ ಹೇಳೋಣ ಎಂದುಕೊಂಡೆ, ನಾಲಿಗೆ ಹೊರಳಲಿಲ್ಲ. ಲೋಹಿತಾಳಿಗೆ ಹೇಳಿ ಅವಳಿಂದ ಹೇಳಿಸೋಣ ಎಂದು ಬಿಟ್ಟೆ, ಬಿಟ್ಟದ್ದು ಬಿಟ್ಟೇಹೋಯಿತು. ಊರಿಗೆಲ್ಲ ಸುದ್ದಿ ಮುಟ್ಟಿಸುವವನು ಒಂದು ಸುದ್ದಿಯನ್ನು ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಮುಟ್ಟಿಸಲಿಲ್ಲ.

ಅಮ್ಮ ಎರಡನೆಯ ದಿನವೇ ಕೆಂಪನ್ನು ನೋಡಿದಳು. ಒಳಗಿನ ರಕ್ತ ಕರಗಿ ಹೋಗುತ್ತಿದೆ ಎಂದುಕೊಂಡಳು, ಯಾರಿಗೂ ಹೇಳಲಿಲ್ಲ, ಅವಳಿಗೂ ನನ್ನಷ್ಟೇ ನಾಚಿಕೆ. ಹೇಗೋ ಧೈರ್ಯ ಮಾಡಿ ಹತ್ತು ದಿನ ನುಂಗಿದಳು. ಅಷ್ಟರಲ್ಲಿ ಜ್ವರ ಇಳಿಯಿತು. ಆಮೇಲೆ ಅವಳು ಮಾಡಿದ್ದನ್ನು ಬಹುಶಃ ಪ್ರಪಂಚದ ಯಾವ ರೋಗಿಯೂ ಮಾಡಿರಲಾರ. ಒಂದು ದಿನದ ಮಾತ್ರೆ ತಾನು ನುಂಗುವುದು, ಮಾರನೆಯ ದಿನದ್ದನ್ನು ಬಿಚ್ಚಿ ರಾಗಿ ಅಂಬಲಿಯಲ್ಲಿ ಕಲಸಿ ಚುಕ್ಕಿಗೆ ಕುಡಿಸುವುದು. ಹೀಗೆ ಸುಮಾರು ನಾಲ್ಕು ವಾರ, ಒಂದು ದಿನವೂ ತಪ್ಪಿಸದೆ, ಬಹಳ ಶ್ರದ್ಧೆಯಿಂದ.

ನನಗೆ ಗೊತ್ತಾದದ್ದು ಹೇಗೆಂದರೆ, ಒಂದು ಬೆಳಿಗ್ಗೆ ರೊಪ್ಪದ ಕಲ್ಲುಹಾಸಿನ ಮೇಲೆ ಚುಕ್ಕಿ ನಿಂತಲ್ಲಿ ಕಿತ್ತಳೆ ಬಣ್ಣದ ನೀರು ಹರಿದಿತ್ತು. ತಾಯಿಗೆ ಹೇಳಲಾಗದೆ ನಾನು ನುಂಗಿಕೊಂಡಿದ್ದ ಆ ಸುದ್ದಿಯನ್ನು ಕುರಿಯೊಂದು ನಡುರೊಪ್ಪದಲ್ಲಿ ಜಾಹೀರು ಮಾಡಿತ್ತು. ನಾನು ಕೂಗಾಡಿದೆ. ಅಮ್ಮ ನೆಲ ನೋಡುತ್ತಾ ಹೇಳಿದಳು: "ಅದ್ಕೂ ಇದೇ ಕಾಯ್ಲೆ ಅಂತ ಡಾಕ್ಟ್ರಮ್ಮನೇ ಅಂದ್ರಲ್ಲ. ನಂಗಾದ್ರೆ ಬರೆಸ್ಕೊಡಾಕೆ ನೀನಿದ್ದೀಯ. ಅದ್ಕೆ ಯಾರವ್ರೆ?"

ನಾನು ಬಕೆಟ್ಟು ತಂದು ಆ ಕಲ್ಲುಹಾಸಿಗೆ ನೀರು ಸುರಿದೆ.

ಮಾತ್ರೆ ಅರ್ಧ ಅರ್ಧವಾದ್ದರಿಂದ ಯಾರಿಗೂ ಗುಣವಾಗಲಿಲ್ಲ. ಹಂಚಿಕೊಂಡು ತಿಂದದ್ದರ ಲಾಭವೆಲ್ಲ ತಮಗೇ ಸೇರಿತು. ಜ್ವರ ಮರಳಿತು, ಸೊಂಟ ಹಿಡಿದುಕೊಂಡಿತು, ಅಮ್ಮ ಗೋಡೆ ಹಿಡಿದು ನಡೆಯತೊಡಗಿದಳು. ಮಧುಗಿರಿಯ ಆ ವೈದ್ಯೆ ಅಮ್ಮನನ್ನು ಬೈಯಲಿಲ್ಲ, ನನ್ನನ್ನು ಒಂದು ಸಲ ನೋಡಿದರು, ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಒಂದನೆಯ ದಿನದಿಂದ ನಲವತ್ತೆರಡು ದಿನ. ಈ ಸಲ ತಪ್ಪಿದರೆ ತಾವು ಮೂಳೆಯಲ್ಲೇ ಖಾಯಂ ಆಗಿ, ಅಮ್ಮ ಮತ್ತೆ ನೆಟ್ಟಗೆ ನಡೆಯುವುದು ಕಷ್ಟ ಎಂದರು. ಚುಕ್ಕಿಗೆ ಮಾತ್ರೆಯಿಲ್ಲ, ಅದನ್ನು ಮಂದೆಯಿಂದ ಬೇರೆ ಮಾಡಬೇಕು, ಇನ್ನು ಟಗರಿನ ಹತ್ತಿರ ಬಿಡಬಾರದು ಎಂದು ಲೋಹಿತಾ ಕಟ್ಟಪ್ಪಣೆ ಮಾಡಿದಳು. ಯಾರಿಗಾದರೂ ಮಾರಿಬಿಡೋಣ ಎಂದು ನಾನು ಅಂದಾಗ ಅಮ್ಮ, "ಇನ್ನೊಬ್ರ ರೊಪ್ಪಕ್ಕೆ ಕಾಯ್ಲೆ ಕಳಿಸ್ತೀಯೇನ್ಲಾ, ನಾಚ್ಕೆ ಆಗಾಕಿಲ್ವಾ?" ಎಂದಳು. ಹಾಗಾಗಿ ಚುಕ್ಕಿ ಈಗ ಹಿತ್ತಲಿನ ಮೂಲೆಯಲ್ಲಿ ಒಂಟಿ ರೊಪ್ಪದಲ್ಲಿ ರಾಣಿಯ ಹಾಗೆ ಇದೆ. ಆಲದ ಮರಕ್ಕೆ ಈಗ ಯಾರೂ ಏನನ್ನೂ ಕಟ್ಟುವುದಿಲ್ಲ, ಎಲ್ಲವನ್ನೂ ಸುಣ್ಣ ಹಾಕಿ ಆಳವಾಗಿ ಹೂಳುತ್ತಾರೆ. ಈ ಬಗ್ಗೆ ನಾನು ಬರೆದ ಸೂಚನಾ ಪತ್ರ ಬಸ್ ನಿಲ್ದಾಣದ ಗೋಡೆಯ ಮೇಲಿದೆ, ಅದೂ 'ಮಾನ್ಯರೇ' ಎಂದೇ ಶುರುವಾಗುತ್ತದೆ.

ಇಂದಿಗೆ ಮೂವತ್ತೊಂದನೆಯ ದಿನ. ಪ್ರತಿ ಮಾತ್ರೆಯನ್ನೂ ನನ್ನ ಕಣ್ಣೆದುರಿಗೇ ನುಂಗಬೇಕು, ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು, ಆಮೇಲೆ ನಾನು ಕ್ಯಾಲೆಂಡರಿನಲ್ಲಿ ಅಂಚೆ ಮುದ್ರೆ ಒತ್ತುತ್ತೇನೆ. ಇಲಾಖೆಯ ಮುದ್ರೆಯನ್ನು ಹೀಗೆ ಬಳಸುವುದು ತಪ್ಪು. ತಾವು ಈ ಬಗ್ಗೆ ಮೇಲಿನವರಿಗೆ ದೂರು ಕೊಡುವುದಾದರೆ ದಯವಿಟ್ಟು ಹೊರಗೆ ಬಂದು ಕೊಡತಕ್ಕದ್ದು.

ಆದರೆ ನಾನು ಈ ಪತ್ರ ಬರೆಯಲು ಕುಳಿತದ್ದು ಮೊನ್ನೆ ಮಂಗಳವಾರ ಮಧ್ಯಾಹ್ನ ನಡೆದದ್ದಕ್ಕೆ. ಪಕ್ಕದ ಮನೆಯ ಚಿಕ್ಕನರಸಯ್ಯ ಬಾಗಿಲಿಗೆ ಓಡಿಬಂದು, "ಕೆಂಚಕ್ಕಾ, ಮರಿ ಉಸುರಾಡ್ತಿಲ್ಲ ಕಣಕ್ಕ, ಬಂದ್ಬುಡು" ಎಂದ. ಅಮ್ಮ ಗೋಡೆ ಬಿಟ್ಟು ಎದ್ದೇಬಿಟ್ಟಳು. ಅವಳು ಹಾಗೆ ಎದ್ದು ಎರಡು ತಿಂಗಳಾಗಿತ್ತು. ನಾನು ಅಡ್ಡ ನಿಂತೆ. ಅವಳು ನನ್ನನ್ನು ತಳ್ಳಲಿಲ್ಲ, ಬೈಯಲಿಲ್ಲ, ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಐವತ್ತು ವರ್ಷದಲ್ಲಿ ಯಾರೋ ಕೂಗಿದಾಗ ಅವಳು ಹೋಗದೆ ನಿಂತದ್ದು ಅದೇ ಮೊದಲು. ಆಮೇಲೆ ಒಂದೇ ಮಾತು: "ಅಂಗಾದ್ರೆ ನೀನೋಗು."

ನಾನು, ಮಹಾಶಯರೇ, ಗೋಂದು ಮೆತ್ತಿದರೂ ಕೈ ತೊಳೆಯುವ ಮನುಷ್ಯ. ಲೋಹಿತಾ ತಂದಿಟ್ಟಿದ್ದ ರಬ್ಬರ್ ಕೈಗವಸು ತೊಟ್ಟು, ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋದೆ. ಅಮ್ಮ ನಮ್ಮ ಜಗಲಿಯ ತುದಿಯಲ್ಲಿ ನಿಂತು, ಮೋಟುಗೋಡೆಯ ಆಚೆಯಿಂದ ಕೂಗಿ ಹೇಳುತ್ತಿದ್ದಳು. "ಬಾಯೊಳ್ಗೆ ಬೆಳ್ಳಾಕ್ಲಾ. ಲೋಳೆ ತಗಿ. ಹಿಂಗಾಲು ಹಿಡ್ದು ತಲೆಕೆಳ್ಗೆ ಮಾಡು. ಹೆದ್ರಬ್ಯಾಡ, ಮುರಿಯಾಕಿಲ್ಲ ಅದು." ಮರಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. "ಹುಲ್ಲುಕಡ್ಡಿ ತಕ್ಕೊಂಡು ಮೂಗ್ನಾಗೆ ಆಡ್ಸು. ಇನ್ನೂ ಒಳಕ್ಕೆ. ಉಜ್ಜು, ಎದೆ ಉಜ್ಜು." ಒಂದು ಗಳಿಗೆ ಏನೂ ಆಗಲಿಲ್ಲ. ನಾನು ತಿರುಗಿ ನೋಡಿದೆ. ಅಮ್ಮ ಮಾತು ನಿಲ್ಲಿಸಿದ್ದಳು. ಜಗಲಿಯ ಮೇಲೆ, ಅಷ್ಟು ದೂರದಲ್ಲಿ, ತುಟಿಗಳನ್ನು ಮುಂದೆ ಮಾಡಿ, ಗಾಳಿಗೆ ಸಣ್ಣಗೆ ಊದುತ್ತಿದ್ದಳು.

ಆಗ ಮರಿ ಸೀನಿತು. ನನ್ನ ಮುಖದ ಟವೆಲ್ಲಿನ ಮೇಲೆಯೇ ಸೀನಿತು, ತಾವು ಅಲ್ಲಿ ಇರಲಿಲ್ಲ ಎಂದು ನಂಬಿದ್ದೇನೆ. "ಉಸುರು ಬಂತೇನ್ಲಾ?" ಎಂದು ಅಮ್ಮ ಕೂಗಿದಳು. ಬಂತು ಎಂದೆ. ಅವಳು ಅಲ್ಲೇ ಕುಳಿತುಬಿಟ್ಟಳು. ನನಗೆ ಅಳು ಬಂತು, ಚಿಕ್ಕನರಸಯ್ಯನ ಮುಂದೆಯೇ ಅತ್ತೆ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ವಿನಂತಿಗಳು ಇವು. ಇನ್ನು ಮುಂದೆ ಯಾರ ಒಳಗೆ ಹೋಗುವುದಾದರೂ ಕನಿಷ್ಠ ಒಂದು ಸಲ ಬಾಗಿಲು ತಟ್ಟಿ, ಕಾವಲಿನ ಕಣಗಳ ಪುಸ್ತಕದಲ್ಲಿ ಹೆಸರು, ಊರು, ಬಂದ ಕಾರಣ ಬರೆಯಬೇಕು. ಕೊಳವೆಯಲ್ಲಿ ತೂರಿಸುವ ಪ್ರೋಟೀನುಗಳ ಮೇಲೆ ಕಳಿಸಿದವರ ವಿಳಾಸ ನಮೂದಿಸಬೇಕು, ಬೇಡವಾದ ಜೀವಕೋಶಗಳು 'ಸ್ವೀಕರಿಸಲು ನಿರಾಕರಿಸಲಾಗಿದೆ' ಎಂದು ಬರೆದು ವಾಪಸು ಕಳಿಸಲು ಅನುಕೂಲವಾಗುತ್ತದೆ. ಜ್ವರವನ್ನು ಸಾಧ್ಯವಾದಷ್ಟೂ ಬೆಳಿಗ್ಗೆ ಹತ್ತರಿಂದ ಒಂದರೊಳಗೆ, ಭಾನುವಾರ ಮತ್ತು ಸರ್ಕಾರಿ ರಜಾದಿನಗಳನ್ನು ಬಿಟ್ಟು, ತರಬೇಕು. ಹಾಗಾದರೆ ಅಮ್ಮಂದಿರ ಮಾತನ್ನು ಮಕ್ಕಳು ನಂಬುತ್ತಾರೆ. ಇದ್ಯಾವುದೂ ಆಗದಿದ್ದರೆ, ನನ್ನೊಳಗೆ ಬನ್ನಿ. ನನಗೆ ಉಸಿರು ಕೊಡುವ ವಿದ್ಯೆ ಗೊತ್ತಿಲ್ಲ, ಹಾಳಾದರೆ ಒಂದು ಅಂಚೆ ಕಚೇರಿ ಹಾಳಾದೀತು. ಅವಳನ್ನು ಬಿಟ್ಟುಬಿಡಿ. ಇನ್ನು ಹನ್ನೊಂದು ದಿನ ಇದೆ, ತಾವಾಗಿ ಹೊರಟರೆ ತಮ್ಮ ಗೌರವ ಉಳಿಯುತ್ತದೆ.

ಮುದ್ರೆ ಒತ್ತುವ ಕೈ ಇನ್ನೂ ಗಟ್ಟಿಯಾಗಿರುವ,

ತಮ್ಮ ವಿಶ್ವಾಸಿ,
ರೇಣುಕಯ್ಯ

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಕೆಂಪು ನೀರಿನ ಭಾಗವನ್ನೂ ಬಿಡದೆ ಓದಿದೆ, ನೆಲ ನೋಡುತ್ತಾ ಓದಿದೆ, ಅವಳೂ ನೆಲ ನೋಡುತ್ತಾ ಕೇಳಿದಳು. ಗಡಿಯಾರದ ಮಾತು ಬಂದಾಗ ಕಂಬಳಿಯ ಅಂಚನ್ನು ಸರಿಮಾಡಿಕೊಂಡಳು. ಎಲ್ಲ ಮುಗಿದ ಮೇಲೆ, "ಅಲ್ಲ ಕಣ್ಲಾ, ಆ ಹುಳಕ್ಕೆ ಇಷ್ಟೊಂದು ಮರ್ವಾದೆ ಕೊಟ್ಟು, ಕುಂತು, ನಿಧಾನ್ವಾಗಿ ಬರ್ದಿದ್ದೀಯ. ಪುಷ್ಯದಾಗೆ ನಾನು ಜರ ಅಂದಾಗ ಇದ್ರಾಗೆ ಅರ್ಧ ಹೊತ್ತು ನನ್ತಾವ ಕುಂತಿದ್ದಿದ್ರೆ ಸಾಕಾಗ್ತಿತ್ತಲ್ಲ" ಎಂದಳು.

ಆದ್ದರಿಂದ ತಮಗೆ ಈ ಕಚೇರಿಯಿಂದ ಬರುವ ಮರ್ಯಾದೆಯ ಪತ್ರ ಇದೇ ಕೊನೆಯದು. ಹೊತ್ತು ಇಳಿಯುತ್ತಿದೆ, ಕುರಿಗಳು ರೊಪ್ಪಕ್ಕೆ ಬರುತ್ತಿವೆ. ಕಚೇರಿಯ ಬಾಗಿಲು ಮುಚ್ಚಿ, ಥರ್ಮಾಮೀಟರ್ ಹಿಡಿದು, ಅಮ್ಮನ ಹತ್ತಿರ ಹೋಗಿ ಕುಳಿತುಕೊಳ್ಳುತ್ತೇನೆ.